ಹೆಸರು ಸಿಕ್ಕಿತು, ಸೆಕ್ಷನ್ ಸಿಗಲಿಲ್ಲ

1959ರ ಆಗಸ್ಟ್ 27ರಂದು ಭಾರತ ವಿಶ್ವಸಂಸ್ಥೆಯ ಒಂದು ಒಪ್ಪಂದವನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಮರುದಿನ, ಆಗಸ್ಟ್ 28ರಂದು, ಆ ಒಪ್ಪಂದಕ್ಕಾಗಿ ಮನೆಮಠ ಮರೆತು ಅಲೆದಿದ್ದ ವಕೀಲನೊಬ್ಬ ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 59. ಕೈಯಲ್ಲಿ ಕಾಸಿರಲಿಲ್ಲ. ನೊಬೆಲ್ ಶಾಂತಿ ಪ್ರಶಸ್ತಿಗೆ ಹಲವು ಸಲ ಹೆಸರು ಹೋಗಿತ್ತು, ಪ್ರಶಸ್ತಿ ಬಂದಿರಲಿಲ್ಲ. ಮಣ್ಣಿಗೆ ಬಂದವರು ಏಳೇ ಜನ ಅಂತ ಹೇಳುತ್ತಾರೆ. ಆತನ ಹೆಸರು ರಫಾಯೆಲ್ ಲೆಮ್ಕಿನ್. ಗಾಜಾ ಅಂದಾಗ, ರೋಹಿಂಗ್ಯಾ ಅಂದಾಗ ಟಿವಿಯಲ್ಲಿ ಕೇಳಿಬರುವ 'ಜೆನೊಸೈಡ್' ಅನ್ನೋ ಮಾತು ಇದೆಯಲ್ಲ, ಅದನ್ನು ಹುಟ್ಟಿಸಿದ್ದು ಇದೇ ಮನುಷ್ಯ. ಭಾರತ ಒಪ್ಪಿಕೊಂಡ ಆ ಒಪ್ಪಂದ ಇದ್ದದ್ದೂ ಅದನ್ನು ತಡೆಯಲು, ಮಾಡಿದವರನ್ನು ಶಿಕ್ಷಿಸಲು.

ಎರಡು ದಿನಾಂಕ ಹೀಗೆ ಅಕ್ಕಪಕ್ಕ ಬಂದದ್ದು ಕಾಕತಾಳೀಯ, ಅದರಲ್ಲಿ ಸುಮ್ನೆ ಅರ್ಥ ಹುಡುಕಬೇಕಾಗಿಲ್ಲ. ಆದರೆ ಅವತ್ತು ನಾವು ಒಪ್ಪಿಕೊಂಡದ್ದೇನು, ಒಪ್ಪಿಕೊಂಡ ಮೇಲೆ ಮಾಡಿದ್ದೇನು ಅಂತ ನೋಡಬೇಕು. ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಮಾತಿನ ಗೊಂದಲ. ಕನ್ನಡದಲ್ಲಿ ನಾವು ಇದಕ್ಕೆ ಏನೇನೋ ಬಳಸುತ್ತೇವೆ. ನರಮೇಧ, ಮಾರಣಹೋಮ, ಹತ್ಯಾಕಾಂಡ, ಜನಾಂಗೀಯ ಹತ್ಯೆ. ಹೆಡ್‌ಲೈನಿನಲ್ಲಿ ಎಷ್ಟು ಜಾಗ ಇದೆ ಅಂತ ನೋಡಿ ಒಂದನ್ನು ಹಾಕಿಬಿಡುತ್ತಾರೇನೋ ಅಂತ ಎಷ್ಟೋ ಸಲ ಅನುಮಾನ ಬಂದಿದೆ. ಜಲಿಯನ್‌ವಾಲಾಬಾಗ್ ನರಮೇಧ. ನಮ್ಮ ವಿದುರಾಶ್ವತ್ಥದಲ್ಲಿ 1938ರಲ್ಲಿ ನಡೆದ ಗೋಲಿಬಾರನ್ನೂ ಹಾಗೇ ಕರೆಯುವವರಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಇವೆರಡೂ ಜೆನೊಸೈಡ್ ಆಗುವುದಿಲ್ಲ. ಸತ್ತವರ ಸಂಖ್ಯೆ ಕಡಿಮೆ ಆಯಿತು ಅಂತಲ್ಲ. ಜೆನೊಸೈಡ್ ಆಗಬೇಕಾದರೆ ಒಂದು ಜನವನ್ನೇ, ಅವರು ಆ ಜನ ಅನ್ನೋ ಕಾರಣಕ್ಕೇ, ಇಲ್ಲವಾಗಿಸುವ ಉದ್ದೇಶ ಇರಬೇಕು. ಲೆಮ್ಕಿನ್ ಈ ಪದ ಕಟ್ಟಿದ್ದು ಗ್ರೀಕಿನ 'ಗೆನೊಸ್'ಗೆ ಕೊಲ್ಲುವುದು ಅನ್ನೋ ಅರ್ಥದ ಲ್ಯಾಟಿನ್ ಮಾತನ್ನು ಅಂಟಿಸಿ. ಆ ಗೆನೊಸ್‌ಗೂ ಸಂಸ್ಕೃತದಿಂದ ನಮಗೆ ಬಂದ 'ಜನ'ಕ್ಕೂ ಬೇರು ಒಂದೇ. ಹಾಗಾಗಿ 'ಜನಾಂಗ ಹತ್ಯೆ' ಅನ್ನೋದು ಸಾಕಷ್ಟು ಸರಿಯಾದ ಕನ್ನಡವೇ. ನಾನು ಅದನ್ನೇ ಬಳಸುತ್ತೇನೆ.

ಲೆಮ್ಕಿನ್ ಹುಟ್ಟಿದ್ದು 1900ರಲ್ಲಿ, ಈಗಿನ ಬೆಲಾರೂಸಿನ ವೊಲ್ಕೊವಿಸ್ಕ್ ಹತ್ತಿರದ ಒಂದು ಬೇಸಾಯದ ಮನೆಯಲ್ಲಿ. ಯಹೂದಿ ಕುಟುಂಬ. 1921ರಲ್ಲಿ ಆತ ಲ್ವೀವ್‌ನಲ್ಲಿ ಓದುತ್ತಿದ್ದಾಗ (ಅವತ್ತು ಅದು ಪೋಲೆಂಡ್, ಇವತ್ತು ಉಕ್ರೇನ್) ಬರ್ಲಿನ್‌ನಿಂದ ಒಂದು ಸುದ್ದಿ ಬಂತು. ಸೊಘೊಮೊನ್ ತೆಹ್ಲಿರಿಯನ್ ಅನ್ನೋ ಆರ್ಮೇನಿಯನ್ ಯುವಕ ಹಾಡಹಗಲೇ ಬೀದಿಯಲ್ಲಿ ತಲಾತ್ ಪಾಷಾನನ್ನು ಗುಂಡಿಟ್ಟು ಕೊಂದಿದ್ದ. ತಲಾತ್ ಯಾರು? 1915ರಿಂದ ಆರ್ಮೇನಿಯನ್ನರನ್ನು ಲಕ್ಷ ಲಕ್ಷ ಲೆಕ್ಕದಲ್ಲಿ ಊರು ಬಿಡಿಸಿ ಸಾವಿಗೆ ಅಟ್ಟಿದಾಗ ಆಟೊಮನ್ ಸರ್ಕಾರದ ಗೃಹ ಸಚಿವ. ಯುವಕನ ಮೇಲೆ ಕೊಲೆ ಕೇಸು ನಡೆಯಿತು, ಕೋರ್ಟ್ ಬಿಟ್ಟುಕಳಿಸಿತು, ಅದು ಬೇರೆ ಕಥೆ. ಲೆಮ್ಕಿನ್‌ಗೆ ಹುಳ ಬಿಟ್ಟಿದ್ದು ಇನ್ನೊಂದು ಪ್ರಶ್ನೆ. ಈ ತಲಾತ್ ಬರ್ಲಿನ್‌ನಲ್ಲಿ ಆರಾಮಾಗಿ ಓಡಾಡಿಕೊಂಡಿದ್ದನಲ್ಲ, ಅವನನ್ನು ಯಾಕೆ ಯಾರೂ ಹಿಡಿದು ಕಟಕಟೆಗೆ ನಿಲ್ಲಿಸಲಿಲ್ಲ? ಪ್ರೊಫೆಸರ್ ಒಬ್ಬರನ್ನು ಕೇಳಿದ. ಅವರು ಕೋಳಿ ಉದಾಹರಣೆ ಕೊಟ್ಟರು. ರೈತನೊಬ್ಬ ತನ್ನ ಕೋಳಿಗಳನ್ನು ತಾನೇ ಕೊಯ್ದರೆ ಅದು ಅವನ ವ್ಯವಹಾರ, ತಡೆಯೋಕೆ ಹೋದರೆ ಅವನ ಹಿತ್ತಲಿಗೆ ನುಗ್ಗಿದ ತಪ್ಪು ನಿನ್ನದು. ದೇಶ, ಸಾರ್ವಭೌಮತ್ವ ಅಂದರೆ ಅಷ್ಟೇ. ಒಬ್ಬನನ್ನು ಕೊಂದವನಿಗೆ ಕೇಸು, ಒಂದು ಜನಾಂಗವನ್ನೇ ಕೊಂದವನಿಗೆ ಕೇಸಿಲ್ಲ, ಇದೆಂಥ ಕಾನೂನು ಅಂತ ಲೆಮ್ಕಿನ್ ಕೇಳಿದ.

ಈ ಕೋಳಿ ವಾದ ಹಳೇ ಕಾಲದ್ದು ಅಂತ ನಗಬೇಡಿ. 'ಇದು ನಮ್ಮ ಆಂತರಿಕ ವಿಷಯ' ಅಂತ ವಿದೇಶಾಂಗ ಇಲಾಖೆಗಳು ಹೇಳಿಕೆ ಕೊಡುತ್ತವಲ್ಲ, ಅದರೊಳಗೆ ಇರುವುದೂ ಅದೇ ಕೋಳಿ.

ಲೆಮ್ಕಿನ್ ವಾರ್ಸಾದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಆದ. 1933ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ, ಮ್ಯಾಡ್ರಿಡ್‌ನ ಕಾನೂನು ಸಮ್ಮೇಳನಕ್ಕೆ ಒಂದು ಪ್ರಸ್ತಾಪ ಬರೆದ. ಒಂದು ಗುಂಪಿನ ಜನರನ್ನು ನಾಶ ಮಾಡುವುದು 'ಬರ್ಬರತೆ', ಅವರ ಸಂಸ್ಕೃತಿ ಕಲೆಗಳನ್ನು ನಾಶ ಮಾಡುವುದು 'ವಿಧ್ವಂಸ'. ಎರಡನ್ನೂ ಯಾವ ದೇಶ ಬೇಕಾದರೂ ವಿಚಾರಣೆ ಮಾಡಬಹುದಾದ ಅಪರಾಧ ಅನ್ನಬೇಕು. ಪೋಲೆಂಡ್ ಸರ್ಕಾರ ಆತನನ್ನು ಅಲ್ಲಿಗೆ ಹೋಗಲು ಬಿಡಲೇ ಇಲ್ಲ. ಪ್ರಸ್ತಾಪ ಅಲ್ಲೇ ಬಿತ್ತು.

1939ರ ಸೆಪ್ಟೆಂಬರ್. ಜರ್ಮನ್ ಬಾಂಬುಗಳು ಬೀಳುತ್ತಿದ್ದಾಗ ವಾರ್ಸಾ ಬಿಟ್ಟು ಓಡಿದ. ದಾರಿಯಲ್ಲಿ ಒಬ್ಬ ಯಹೂದಿ ಬ್ರೆಡ್ ಮಾಡುವವನ ಮನೆಯಲ್ಲಿ ಆಶ್ರಯ ಸಿಕ್ಕಿತು. ಹಿಟ್ಲರ್ ನಮ್ಮನ್ನು ಬಿಡುವುದಿಲ್ಲ, ಇಲ್ಲಿಂದ ಹೊರಡು ಅಂತ ಲೆಮ್ಕಿನ್ ಆತನಿಗೆ ತಿಳಿಹೇಳಿದ. ಬ್ರೆಡ್ಡಿನವನು ನಂಬಲಿಲ್ಲ. ಹೋದ ಯುದ್ಧದಲ್ಲೂ ಜರ್ಮನ್ನರು ಬಂದು ಮೂರು ವರ್ಷ ಇದ್ದರು, ಕಷ್ಟ ಆಯಿತು, ಹೇಗೋ ಬದುಕಿದೆವು, ವ್ಯಾಪಾರ ಮಾಡುವವರನ್ನೇ ಕೊಂದರೆ ಅವರಿಗೇನು ಲಾಭ ಅಂದ. ಈ ಪ್ರಸಂಗವನ್ನು ಲೆಮ್ಕಿನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನನಗೆ ಇಡೀ ಕಥೆಯಲ್ಲಿ ಮರೆಯಲು ಆಗದವನು ಆ ಬ್ರೆಡ್ಡಿನವನು. ದಡ್ಡನೇನಲ್ಲ. ಅನುಭವದಿಂದ ಮಾತಾಡುತ್ತಿದ್ದ. ಹಿಂದೆ ನಡೆಯದೇ ಇದ್ದದ್ದು ಈಗ ನಡೆಯಬಹುದು ಅಂತ ಊಹಿಸಲು ಅವನ ಹತ್ತಿರ ಒಂದು ಮಾತೂ ಇರಲಿಲ್ಲ, ಅಷ್ಟೇ. ಲೆಮ್ಕಿನ್ ಊರಿಗೆ ಹೋಗಿ ಅಪ್ಪ ಅಮ್ಮನನ್ನು ಕರೆದಾಗ ಅವರೂ ಬರಲಿಲ್ಲ. ಮತ್ತೆ ಅವರ ಮುಖ ನೋಡಲಿಲ್ಲ. ಕುಟುಂಬದಲ್ಲಿ 49 ಜನ ಸತ್ತರು.

ಲಿಥುವೇನಿಯಾ ದಾಟಿ ಸ್ವೀಡನ್ ಸೇರಿದ. ಅಲ್ಲಿ ಕೂತು ಮಾಡಿದ ಕೆಲಸ ಪಕ್ಕಾ ವಕೀಲನದ್ದು. ನಾಜಿಗಳು ಗೆದ್ದ ದೇಶಗಳಲ್ಲಿ ಹೊರಡಿಸಿದ ಆದೇಶಗಳನ್ನೆಲ್ಲ, ಗೆಜೆಟ್ ಪ್ರತಿಗಳನ್ನೆಲ್ಲ, ತರಿಸಿಕೊಂಡು ಕೂಡಿಡತೊಡಗಿದ. ಯಾವ ಜನಕ್ಕೆ ಎಷ್ಟು ರೇಷನ್, ಯಾರ ಆಸ್ತಿ ಯಾರಿಗೆ, ಯಾರು ಮದುವೆಯಾಗಲು ಯಾರ ಅಪ್ಪಣೆ ಬೇಕು, ಶಾಲೆಯಲ್ಲಿ ಯಾವ ಭಾಷೆ. ಒಂದೊಂದು ಹಾಳೆ ಬಿಡಿಬಿಡಿಯಾಗಿ ನೋಡಿದರೆ ತಾಲ್ಲೂಕು ಕಚೇರಿಯ ಸುತ್ತೋಲೆ ಥರ ಇರುತ್ತದೆ. ಒಟ್ಟಿಗೆ ಜೋಡಿಸಿದಾಗ ಪ್ಲಾನ್ ಕಾಣುತ್ತದೆ. ಆ ಕಾಗದಗಳ ಕಟ್ಟಿನ ಜೊತೆ ಸೈಬೀರಿಯಾ ರೈಲು ಹಿಡಿದು, ಜಪಾನ್ ದಾಟಿ, 1941ರ ಏಪ್ರಿಲ್‌ನಲ್ಲಿ ಅಮೆರಿಕ ಮುಟ್ಟಿದ. ಅದೇ ವರ್ಷ ಆಗಸ್ಟಿನಲ್ಲಿ ಚರ್ಚಿಲ್ ರೇಡಿಯೊ ಭಾಷಣದಲ್ಲಿ, ನಾವು ಹೆಸರೇ ಇಲ್ಲದ ಅಪರಾಧವೊಂದನ್ನು ನೋಡುತ್ತಿದ್ದೇವೆ ಅಂದ. 1944ರಲ್ಲಿ ಆ ಆದೇಶಗಳನ್ನೆಲ್ಲ ಸೇರಿಸಿ ಲೆಮ್ಕಿನ್ ತಂದ ದಪ್ಪ ಪುಸ್ತಕದ ಒಂಬತ್ತನೇ ಅಧ್ಯಾಯದಲ್ಲಿ ಹೆಸರು ಬಂತು.

ಹೆಸರು ಬಂದ ಮಾತ್ರಕ್ಕೆ ಅಪರಾಧ ಆಗಿಬಿಡುತ್ತದಾ? ಇಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ಮೇಲೆ ಹಾಕಿದ ಚಾರ್ಜ್‌ಶೀಟಿನಲ್ಲಿ ಈ ಪದ ಇತ್ತು, 1946ರ ಅಕ್ಟೋಬರಿನಲ್ಲಿ ಮುಗಿದ ತೀರ್ಪಿನಲ್ಲಿ ಇರಲಿಲ್ಲ. ಅಲ್ಲಿ ಗೆದ್ದದ್ದು 'ಮಾನವೀಯತೆಯ ವಿರುದ್ಧದ ಅಪರಾಧ' ಅನ್ನೋ ಇನ್ನೊಂದು ಕಲ್ಪನೆ. ಅದರ ಹಿಂದಿದ್ದ ಹೆರ್ಷ್ ಲೌಟರ್‌ಪಾಕ್ಟ್ ಕೂಡ ಲ್ವೀವ್‌ನಲ್ಲೇ ಓದಿದ ಯಹೂದಿ ವಕೀಲ, ಅವನ ಮನೆಯವರನ್ನೂ ನಾಜಿಗಳು ಕೊಂದಿದ್ದರು. ಇಬ್ಬರ ದಾರಿ ಮಾತ್ರ ಬೇರೆ. ಕಾನೂನು ಕಾಪಾಡಬೇಕಾದ್ದು ಒಬ್ಬೊಬ್ಬ ಮನುಷ್ಯನನ್ನು, ಗುಂಪು ಗುಂಪು ಅಂತ ಹೊರಟರೆ ಗುಂಪುಗಾರಿಕೆಯೇ ಜಾಸ್ತಿ ಆಗುತ್ತದೆ ಅನ್ನೋದು ಲೌಟರ್‌ಪಾಕ್ಟ್ ಭಯ. ಇವತ್ತಿನ ಜಗಳಗಳನ್ನು ನೋಡಿದರೆ ಆ ಭಯ ಪೂರ್ತಿ ಸುಳ್ಳು ಅನ್ನೋಕೆ ನನಗೆ ಧೈರ್ಯ ಬರುವುದಿಲ್ಲ.

ಸೋತ ಲೆಮ್ಕಿನ್ ನೇರ ವಿಶ್ವಸಂಸ್ಥೆಯ ಮೊಗಸಾಲೆಗೆ ಹೋದ. ಯಾವ ಹುದ್ದೆಯೂ ಇಲ್ಲ, ಯಾವ ದೇಶದ ಪರವಾಗಿಯೂ ಅಲ್ಲ. ಸಿಕ್ಕಸಿಕ್ಕ ರಾಯಭಾರಿಗಳನ್ನು ಅಡ್ಡಹಾಕಿ ಮಾತಾಡಿಸುವುದು, ಒಬ್ಬೊಬ್ಬರಿಗೂ ಅವರವರ ದೇಶದ ಕಥೆ ಹೇಳಿ ಪತ್ರ ಬರೆಯುವುದು. ಇವನು ಬರುತ್ತಿದ್ದಾನೆ ಅಂದರೆ ತಪ್ಪಿಸಿಕೊಳ್ಳುವವರೂ ಇದ್ದರು. 1946ರಲ್ಲಿ ಜನಾಂಗ ಹತ್ಯೆ ಅಪರಾಧ ಅನ್ನೋ ನಿರ್ಣಯವನ್ನು ಮಂಡಿಸಲು ಮೂರು ದೇಶ ಸಿಕ್ಕವು. ಪನಾಮಾ, ಕ್ಯೂಬಾ, ಮತ್ತೆ ಭಾರತ. ಹೌದು, ಇನ್ನೂ ಸ್ವಾತಂತ್ರ್ಯವೇ ಬಂದಿರದ ಭಾರತ. ನಮ್ಮ ನಿಯೋಗದ ಮುಖ್ಯಸ್ಥೆ ವಿಜಯಲಕ್ಷ್ಮಿ ಪಂಡಿತ್. ಅದೇ ಅಧಿವೇಶನದಲ್ಲಿ ಅವರು ದಕ್ಷಿಣ ಆಫ್ರಿಕಾ ಅಲ್ಲಿನ ಭಾರತೀಯರನ್ನು ನಡೆಸಿಕೊಳ್ಳುವ ರೀತಿಯ ವಿರುದ್ಧವೂ ದೂರು ಒಯ್ದಿದ್ದರು. ಡಿಸೆಂಬರ್ 11ರಂದು ನಿರ್ಣಯ ಅವಿರೋಧವಾಗಿ ಪಾಸಾಯಿತು. ಎರಡು ವರ್ಷ ಕಳೆದು, 1948ರ ಡಿಸೆಂಬರ್ 9ರಂದು ಪ್ಯಾರಿಸ್‌ನಲ್ಲಿ, ಒಂದೂ ವಿರೋಧದ ಮತವಿಲ್ಲದೆ ಪೂರ್ಣ ಒಪ್ಪಂದ. ಅವತ್ತು ಪತ್ರಕರ್ತರು ಹುಡುಕಿದಾಗ ಲೆಮ್ಕಿನ್ ಕತ್ತಲಾದ ಸಭಾಂಗಣದಲ್ಲಿ ಒಬ್ಬನೇ ಕೂತು ಅಳುತ್ತಿದ್ದನಂತೆ.

ಆದರೆ ಪಾಸಾಗುವ ಹೊತ್ತಿಗೆ ಆತ ಬರೆದುಕೊಂಡು ಬಂದದ್ದರಲ್ಲಿ ಏನೇನು ಉಳಿದಿತ್ತು ಅನ್ನೋದು ಮುಖ್ಯ. ಇಂದಿನ ಮುಕ್ಕಾಲು ಪಾಲು ತಕರಾರು ಅಲ್ಲಿಂದಲೇ ಬಂದದ್ದು.

ಒಂದು ಜನದ ಭಾಷೆ, ಪುಸ್ತಕ, ಗುಡಿಗಳನ್ನು ಅಳಿಸುವುದೂ ಅವರನ್ನು ಕೊಲ್ಲುವ ಒಂದು ದಾರಿಯೇ ಅಂತ ಲೆಮ್ಕಿನ್ ಮೊದಲಿಂದ ಹೇಳುತ್ತಿದ್ದ. ಅದನ್ನು ತೆಗೆದುಹಾಕಿದರು. ವಸಾಹತು ಇಟ್ಟುಕೊಂಡವರಿಗೆ, ಮೂಲನಿವಾಸಿಗಳ ನೆಲದ ಮೇಲೆ ದೇಶ ಕಟ್ಟಿದವರಿಗೆ ಅದು ಬಿಸಿ ತುಪ್ಪ. ಉಳಿದದ್ದು ಒಂದೇ ಎಳೆ, ಮಕ್ಕಳನ್ನು ಬಲವಂತವಾಗಿ ಕಿತ್ತು ಇನ್ನೊಂದು ಗುಂಪಿಗೆ ಕೊಡುವುದು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಹೋದದ್ದರ ಬಗ್ಗೆ 1997ರಲ್ಲಿ ಬಂದ ಅಧಿಕೃತ ವರದಿ ಇದೇ ಎಳೆ ಹಿಡಿದು ಜನಾಂಗ ಹತ್ಯೆ ಅಂದಿತು. ಇನ್ನೊಂದು, ರಾಜಕೀಯ ಗುಂಪುಗಳು. ಸೋವಿಯತ್ ಒಕ್ಕೂಟಕ್ಕೆ ಅದು ಬೇಡವಾಗಿತ್ತು, ಬೇಡ ಅಂದವರಲ್ಲಿ ಅದೊಂದೇ ಇರಲಿಲ್ಲ. ಕೊನೆಗೆ ಪಟ್ಟಿಯಲ್ಲಿ ನಿಂತದ್ದು ನಾಲ್ಕೇ ಗುಂಪು. ರಾಷ್ಟ್ರೀಯತೆ, ಬುಡಕಟ್ಟು, ಜನಾಂಗ, ಧರ್ಮ. ಇದರ ಪರಿಣಾಮ ಕಾಂಬೋಡಿಯಾದಲ್ಲಿ ಕಾಣುತ್ತದೆ. ಪೋಲ್ ಪಾಟ್ ಆಡಳಿತದಲ್ಲಿ ಹದಿನೈದು ಲಕ್ಷಕ್ಕೂ ಜಾಸ್ತಿ ಜನ ಸತ್ತರು. 2018ರಲ್ಲಿ ಕೋರ್ಟ್ ಜನಾಂಗ ಹತ್ಯೆ ಅಂದದ್ದು ಚಾಮ್ ಮುಸ್ಲಿಮರ ಮತ್ತು ವಿಯೆಟ್ನಾಮಿಗಳ ವಿಷಯದಲ್ಲಿ ಮಾತ್ರ. ಸತ್ತವರಲ್ಲಿ ದೊಡ್ಡ ಪಾಲು ಇದ್ದ ಖ್ಮೇರ್ ಜನರನ್ನು ಕೊಂದದ್ದು ಅವರದೇ ಜನ, ರಾಜಕೀಯದ ಕಾರಣಕ್ಕೆ. ಅದು ಈ ಪಟ್ಟಿಯೊಳಗೆ ಕೂರಲಿಲ್ಲ. ಬೇರೆ ಅಪರಾಧ ಆಯಿತು.

ಎಲ್ಲಕ್ಕಿಂತ ದೊಡ್ಡ ಬೀಗ 'ಉದ್ದೇಶ'. ಕೊಲ್ಲುವುದು, ತೀವ್ರ ಹಾನಿ ಮಾಡುವುದು, ಬದುಕಲಾಗದ ಪರಿಸ್ಥಿತಿಗೆ ದೂಡುವುದು, ಹೆರಿಗೆ ತಡೆಯುವುದು, ಮಕ್ಕಳನ್ನು ಕಸಿಯುವುದು, ಈ ಐದರಲ್ಲಿ ಒಂದನ್ನು ಮಾಡಿದರೆ ಸಾಕು, ಆದರೆ ಆ ಗುಂಪನ್ನು ಪೂರ್ತಿಯಾಗಿ ಅಥವಾ ಭಾಗಶಃ ನಾಶ ಮಾಡುವ ಉದ್ದೇಶದಿಂದಲೇ ಮಾಡಿದ್ದು ಅಂತ ರುಜುವಾತಾಗಬೇಕು. ಯಾವ ಸರ್ಕಾರ ತಾನೇ ಅದನ್ನು ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿ ಇಡುತ್ತದೆ? ಹಾಗಾಗಿ ನಡೆದದ್ದನ್ನು ನೋಡಿ ಉದ್ದೇಶ ಊಹಿಸಬೇಕು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಇದಕ್ಕೆ ಇಟ್ಟಿರುವ ಅಳತೆ ಬಲು ಬಿಗಿ. ನಡೆದದ್ದರಿಂದ ಬೇರೆ ಯಾವ ತೀರ್ಮಾನಕ್ಕೂ ಸಮಂಜಸವಾಗಿ ಬರಲು ಸಾಧ್ಯವಿಲ್ಲ ಅನ್ನುವಂತಿರಬೇಕು. ಯುದ್ಧ ನಡೆಯುತ್ತಿದ್ದರೆ 'ನಾವು ಶತ್ರು ಜೊತೆ ಹೋರಾಡುತ್ತಿದ್ದೆವು' ಅನ್ನೋ ಬೇರೆ ತೀರ್ಮಾನ ಯಾವಾಗಲೂ ರೆಡಿ ಇರುತ್ತದೆ.

ಒಪ್ಪಂದ ಬಂದು ಐವತ್ತು ವರ್ಷ ಆಗುವವರೆಗೆ ಯಾವ ಅಂತರರಾಷ್ಟ್ರೀಯ ಕೋರ್ಟೂ ಈ ಅಪರಾಧಕ್ಕೆ ಒಬ್ಬನಿಗೂ ಶಿಕ್ಷೆ ಕೊಟ್ಟಿರಲಿಲ್ಲ. ಮೊದಲ ತೀರ್ಪು 1998ರ ಸೆಪ್ಟೆಂಬರ್ 2ರಂದು, ಜಾನ್ ಪಾಲ್ ಅಕಾಯೆಸು ಅನ್ನೋ ರುವಾಂಡಾದ ಒಬ್ಬ ಮೇಯರ್ ಮೇಲೆ. ರುವಾಂಡಾದಲ್ಲಿ 1994ರಲ್ಲಿ ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತಿದ್ದರು. ಆ ಕೇಸಿನ ಚಾರ್ಜ್‌ಶೀಟಿನಲ್ಲಿ ಮೊದಲು ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ಮಹಿಳೆ ನಡುವೆ ಅದನ್ನು ಹೇಳಿದಾಗ ಪೀಠದಲ್ಲಿದ್ದ ಏಕೈಕ ಮಹಿಳಾ ಜಡ್ಜ್ ನವಿ ಪಿಳ್ಳೈ ಬಿಡದೆ ಪ್ರಶ್ನೆ ಕೇಳಿದರು. ಚಾರ್ಜ್‌ಶೀಟ್ ತಿದ್ದಬೇಕಾಯಿತು. ಅತ್ಯಾಚಾರವೂ ಜನಾಂಗ ಹತ್ಯೆಯ ಆಯುಧ ಆಗಬಹುದು ಅಂತ ಕಾನೂನಿನಲ್ಲಿ ಬಂದದ್ದು ಹಾಗೆ. ಪಿಳ್ಳೈ ದಕ್ಷಿಣ ಆಫ್ರಿಕಾದ ಡರ್ಬನ್‌ನ ತಮಿಳು ಮೂಲದ ಹೆಣ್ಣುಮಗಳು. ಹೆಸರು ನೆನಪಿಟ್ಟುಕೊಳ್ಳಿ.

ಆದರೆ ಆ ನೂರು ದಿನ ನಡೆಯುತ್ತಿದ್ದಾಗ ಏನಾಯಿತು? ಅಮೆರಿಕದ ವಕ್ತಾರರು ಜನಾಂಗ ಹತ್ಯೆ ಅನ್ನದೆ 'ಜನಾಂಗ ಹತ್ಯೆಯ ಕೃತ್ಯಗಳು' ಅಂತ ಹೇಳಿ ಜಾರಿಕೊಳ್ಳುತ್ತಿದ್ದರು. ಅಂಥ ಎಷ್ಟು ಕೃತ್ಯ ಸೇರಿದರೆ ಒಂದು ಜನಾಂಗ ಹತ್ಯೆ ಆಗುತ್ತದೆ ಅಂತ ಪತ್ರಕರ್ತನೊಬ್ಬ ಕೇಳಿದ. ಉತ್ತರ ಬರಲಿಲ್ಲ. ಹೆಸರು ಹೇಳಿದರೆ ಏನಾದರೂ ಮಾಡಬೇಕಾಗುತ್ತದೆ ಅನ್ನೋ ಹೆದರಿಕೆ.

ನನಗನ್ನಿಸುವುದು ಇಷ್ಟು: ನಾವು ಹೆಸರಿನ ಹಿಂದೆ ಬಿದ್ದು ಒಪ್ಪಂದದ ಮೊದಲ ಸಾಲನ್ನೇ ಮರೆತಿದ್ದೇವೆ. ಅದರಲ್ಲಿ ಶಿಕ್ಷೆಗಿಂತ ಮುಂಚೆ ಬರುವ ಮಾತು ತಡೆಯುವುದು. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ ಸುಮಾರು ಎಂಟು ಸಾವಿರ ಮುಸ್ಲಿಂ ಗಂಡಸರನ್ನು, ಹುಡುಗರನ್ನು ಬೋಸ್ನಿಯನ್ ಸೆರ್ಬ್ ಸೈನ್ಯ ಕೊಂದ ಕೇಸಿನಲ್ಲಿ 2007ರಲ್ಲಿ ಹೇಗ್‌ನ ನ್ಯಾಯಾಲಯ ಸೆರ್ಬಿಯಾ ದೇಶವೇ ಕೊಂದಿತು ಅನ್ನಲಿಲ್ಲ. ಆದರೆ ತಡೆಯಬಹುದಿತ್ತು, ತಡೆಯಲಿಲ್ಲ, ಅದೇ ತಪ್ಪು ಅಂದಿತು. ಗಂಭೀರ ಅಪಾಯ ಇದೆ ಅಂತ ಗೊತ್ತಾದ ಕ್ಷಣದಿಂದ, ಅಥವಾ ಗೊತ್ತಾಗಬೇಕಿದ್ದ ಕ್ಷಣದಿಂದ, ಕೈಲಾದದ್ದನ್ನು ಮಾಡುವ ಹೊಣೆ ಶುರು. ಅಂದರೆ ಇದು ಜನಾಂಗ ಹತ್ಯೆಯೇ ಅಂತ ಕೋರ್ಟ್ ಸೀಲ್ ಒತ್ತುವವರೆಗೆ ಕಾಯಬೇಕಾಗಿಲ್ಲ. ಪಕ್ಕದ ಮನೆಯಿಂದ ಹೊಗೆ ಬರುತ್ತಿದ್ದರೆ ಶಾರ್ಟ್ ಸರ್ಕ್ಯೂಟೋ ಗ್ಯಾಸೋ ಅಂತ ರಿಪೋರ್ಟ್ ಬರಲಿ ಅಂತ ಯಾರಾದರೂ ಕೂತಿರುತ್ತಾರಾ?

ಈಗಿನ ಎರಡು ಕೇಸು ನೋಡಿ. 2019ರ ನವೆಂಬರಿನಲ್ಲಿ ಆಫ್ರಿಕಾದ ಪುಟ್ಟ ಗ್ಯಾಂಬಿಯಾ ಮ್ಯಾನ್ಮಾರ್ ಮೇಲೆ ಹೇಗ್‌ನಲ್ಲಿ ಕೇಸು ಹಾಕಿತು. 2017ರಲ್ಲಿ ಸೈನ್ಯದ ದಾಳಿಗೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದ್ದರು. ಗ್ಯಾಂಬಿಯಾಗೇನು ಸಂಬಂಧ? ಅದರ ಕಾನೂನು ಸಚಿವರಾಗಿದ್ದ ಅಬೂಬಕರ್ ತಂಬದು ಹಿಂದೆ ರುವಾಂಡಾ ಟ್ರಿಬ್ಯೂನಲ್‌ನಲ್ಲಿ (ಅಕಾಯೆಸು ಕೇಸು ನಡೆದ ಕೋರ್ಟು) ವಕೀಲರಾಗಿದ್ದವರು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ನಿರಾಶ್ರಿತರ ಕ್ಯಾಂಪಿನಲ್ಲಿ ಕೇಳಿದ ಕಥೆಗಳು ಅವರಿಗೆ ರುವಾಂಡಾವನ್ನು ನೆನಪಿಸಿದವು. ಒಪ್ಪಂದಕ್ಕೆ ಸಹಿ ಹಾಕಿದ ಯಾವ ದೇಶ ಬೇಕಾದರೂ ಕೇಳಬಹುದು ಅಂತ ಕೋರ್ಟ್ 2022ರಲ್ಲಿ ಒಪ್ಪಿತು. ಕೋಳಿ ವಾದಕ್ಕೆ ನೂರು ವರ್ಷದ ನಂತರ ಬಿದ್ದ ಪೆಟ್ಟು ಅದು.

ಆ ದಾರಿ ತೆರೆದ ಮೇಲೆ 2023ರ ಡಿಸೆಂಬರ್ 29ರಂದು ದಕ್ಷಿಣ ಆಫ್ರಿಕಾ ಇಸ್ರೇಲ್ ಮೇಲೆ ಕೇಸು ಹಾಕಿತು. ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದ ಮೇಲೆ ನಾವು ಮಾಡುತ್ತಿರುವುದು ಆತ್ಮರಕ್ಷಣೆ ಅನ್ನೋದು ಇಸ್ರೇಲಿನ ವಾದ. 2024ರ ಜನವರಿ 26ರಂದು ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಬಹಳ ಕಡೆ 'ಜನಾಂಗ ಹತ್ಯೆ ನಡೆದಿರುವ ಸಾಧ್ಯತೆ ಇದೆ ಅಂತ ಕೋರ್ಟ್ ಹೇಳಿತು' ಅಂತ ಬಂತು. ಕೋರ್ಟ್ ಹೇಳಿದ್ದು ಹಾಗಲ್ಲ. ಈ ಅಪರಾಧದಿಂದ ರಕ್ಷಣೆ ಪಡೆಯುವ ಪ್ಯಾಲೆಸ್ಟೀನಿಯರ ಹಕ್ಕಿನ ವಾದದಲ್ಲಿ ಮೇಲ್ನೋಟಕ್ಕೆ ಹುರುಳಿದೆ, ಆ ಹಕ್ಕಿಗೆ ಸರಿಪಡಿಸಲಾಗದ ಹಾನಿಯಾಗುವ ಅಪಾಯ ಇದೆ, ಆದ್ದರಿಂದ ಇಂತಿಂಥದ್ದನ್ನು ಮಾಡಿ ಅಂದಿತು. ಪೀಠದಲ್ಲಿದ್ದ ನಮ್ಮ ದೇಶದ ಜಡ್ಜ್ ದಲ್ವೀರ್ ಭಂಡಾರಿ ಬಹುಮತದ ಕಡೆ ಇದ್ದರು. ಇಸ್ರೇಲ್ ತಾನೇ ಕಳಿಸಿದ್ದ ಜಡ್ಜ್ ಅಹರಾನ್ ಬರಾಕ್, ಬಾಲ್ಯದಲ್ಲಿ ನಾಜಿಗಳ ಘೆಟ್ಟೊದಿಂದ ಬದುಕಿ ಬಂದವರು, ಎರಡು ಅಂಶಗಳಿಗೆ ತಮ್ಮ ದೇಶದ ವಿರುದ್ಧವೇ ಮತ ಹಾಕಿದರು. ಒಂದು, ಜನಾಂಗ ಹತ್ಯೆಗೆ ಪ್ರಚೋದಿಸುವ ಮಾತುಗಳನ್ನು ತಡೆಯಿರಿ. ಇನ್ನೊಂದು, ಗಾಜಾಕ್ಕೆ ನೆರವು ಹೋಗಲು ಬಿಡಿ. 2025ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗವೊಂದು ಗಾಜಾದಲ್ಲಿ ಇಸ್ರೇಲ್ ಜನಾಂಗ ಹತ್ಯೆ ಮಾಡಿದೆ ಅಂತ ತೀರ್ಮಾನಿಸಿತು, ಇಸ್ರೇಲ್ ಅದನ್ನು ತಳ್ಳಿಹಾಕಿತು. ಆಗ ಆಯೋಗದ ಅಧ್ಯಕ್ಷೆಯಾಗಿದ್ದವರು ಅದೇ ನವಿ ಪಿಳ್ಳೈ. ಕೋರ್ಟಿನ ಅಂತಿಮ ತೀರ್ಪು ಬೇರೆ, ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ.

ಇಲ್ಲಿ ತಮಾಷೆ ಏನು ಗೊತ್ತಾ? 2023ರ ನವೆಂಬರಿನಲ್ಲಿ ಬ್ರಿಟನ್, ಜರ್ಮನಿ, ಫ್ರಾನ್ಸ್, ಕೆನಡಾ, ಡೆನ್ಮಾರ್ಕ್, ನೆದರ್ಲೆಂಡ್ಸ್ ಒಟ್ಟಿಗೆ ಮ್ಯಾನ್ಮಾರ್ ಕೇಸಿನಲ್ಲಿ ಅರ್ಜಿ ಹಾಕಿ, ಉದ್ದೇಶದ ಅಳತೆಯನ್ನು ಇಷ್ಟು ಬಿಗಿ ಮಾಡಬೇಡಿ, ಮಕ್ಕಳಿಗೆ ಆದ ಹಾನಿಯನ್ನೂ ಗಮನಿಸಿ ಅಂದವು. ಎರಡು ತಿಂಗಳೂ ಆಗಲಿಲ್ಲ, ಗಾಜಾ ಕೇಸು ಬಂತು, ಜರ್ಮನಿ ಇಸ್ರೇಲ್ ಪರ ನಿಲ್ಲುತ್ತೇವೆ ಅಂತ ಘೋಷಿಸಿತು. ಮ್ಯಾನ್ಮಾರ್‌ಗೆ ಒಂದು ತಕ್ಕಡಿ, ಇನ್ನೊಬ್ಬರಿಗೆ ಇನ್ನೊಂದು ತಕ್ಕಡಿ ಕೋರ್ಟಿನಲ್ಲಿ ನಡೆಯುವುದಿಲ್ಲ ಅಲ್ವಾ. ರೋಹಿಂಗ್ಯಾ ಕೇಸಿನಲ್ಲಿ ಅಳತೆ ಎಲ್ಲಿ ನಿಲ್ಲುತ್ತದೋ ಅದು ಗಾಜಾಕ್ಕೂ ತಟ್ಟುತ್ತದೆ.

ಬೇರೆಯವರನ್ನು ಆಡಿಕೊಂಡದ್ದು ಸಾಕು. ಭಾರತ 1959ರಲ್ಲಿ ಒಪ್ಪಂದಕ್ಕೆ ಸೇರುವಾಗ ಒಂದು ಷರತ್ತು ಹಾಕಿತ್ತು. ಈ ವಿಷಯದಲ್ಲಿ ನಮ್ಮ ಮೇಲೆ ಹೇಗ್‌ಗೆ ಹೋಗಬೇಕಾದರೆ ನಮ್ಮ ಒಪ್ಪಿಗೆ ಬೇಕು. ಆ ಷರತ್ತು ಕೆಲಸಕ್ಕೆ ಬಂದದ್ದು 1973ರಲ್ಲಿ. ಬಾಂಗ್ಲಾ ಯುದ್ಧ ಮುಗಿದು ನಮ್ಮ ಹತ್ತಿರ ಸುಮಾರು 93,000 ಪಾಕಿಸ್ತಾನಿ ಕೈದಿಗಳಿದ್ದರು. ಅವರಲ್ಲಿ 195 ಜನರ ಮೇಲೆ ಬಾಂಗ್ಲಾದೇಶ ಜನಾಂಗ ಹತ್ಯೆಯ ವಿಚಾರಣೆ ನಡೆಸುತ್ತೇನೆ ಅಂದಿತು. ಅವರನ್ನು ಒಪ್ಪಿಸಬಾರದು ಅಂತ ಪಾಕಿಸ್ತಾನ ಇದೇ ಒಪ್ಪಂದ ಹಿಡಿದು ಭಾರತದ ಮೇಲೆ ಕೇಸು ಹಾಕಿತು. ನಮ್ಮ ಒಪ್ಪಿಗೆ ಇಲ್ಲ ಅಂದೆವು. ಡಿಸೆಂಬರಿನಲ್ಲಿ ಪಾಕಿಸ್ತಾನವೇ ಕೇಸು ವಾಪಸ್ ತೆಗೆದುಕೊಂಡಿತು, 1974ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಮೂರೂ ದೇಶ ಕೂತು ಮಾತಾಡಿಕೊಂಡವು. ಆ 195 ಜನ ಯಾವ ಕಟಕಟೆಯನ್ನೂ ಹತ್ತದೆ ಮನೆಗೆ ಹೋದರು.

ಒಪ್ಪಂದದ ಐದನೇ ವಿಧಿ ಸಹಿ ಹಾಕಿದವರೆಲ್ಲ ತಮ್ಮ ದೇಶದಲ್ಲಿ ಇದಕ್ಕೆ ಕಾನೂನು ಮಾಡಬೇಕು ಅನ್ನುತ್ತದೆ. ಬಾಂಗ್ಲಾದೇಶ 1973ರಲ್ಲೇ ಮಾಡಿತು. ನಾವು? 2018ರ ಡಿಸೆಂಬರ್ 17ರಂದು, 1984ರ ಸಿಖ್ ವಿರೋಧಿ ಹಿಂಸೆಯ ಕೇಸಿನಲ್ಲಿ ಕಾಂಗ್ರೆಸ್‌ನ ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಡುತ್ತಾ ದೆಹಲಿ ಹೈಕೋರ್ಟ್ ಹೇಳಿತು: ಮಾನವೀಯತೆಯ ವಿರುದ್ಧದ ಅಪರಾಧವೂ ನಮ್ಮ ಕ್ರಿಮಿನಲ್ ಕಾನೂನಿನಲ್ಲಿಲ್ಲ, ಜನಾಂಗ ಹತ್ಯೆಯೂ ಇಲ್ಲ, ಈ ತೂತನ್ನು ತುರ್ತಾಗಿ ಮುಚ್ಚಬೇಕು. ಆಮೇಲೆ ಇಡೀ ದಂಡ ಸಂಹಿತೆಯನ್ನೇ ಹೊಸದಾಗಿ ಬರೆಯುವ ಅವಕಾಶ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಒಟ್ಟು 358 ಸೆಕ್ಷನ್. ಸರ ಕಿತ್ತುಕೊಂಡು ಓಡುವುದಕ್ಕೆ ಅದರಲ್ಲಿ ಪ್ರತ್ಯೇಕ ಸೆಕ್ಷನ್ ಬಂದಿದೆ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ ನೋಡಿ ಒಬ್ಬನನ್ನು ಕೊಂದರೆ ಅದಕ್ಕೂ 103ನೇ ಸೆಕ್ಷನ್ನಿನಲ್ಲಿ ಉಪವಿಧಿ ಇದೆ. ಅದಕ್ಕಿಂತ ದೊಡ್ಡದಕ್ಕೆ ಏನಿದೆ ಅಂತ ಕೊನೇ ಪುಟದವರೆಗೂ ಹುಡುಕಿದೆ. ಸಿಗಲಿಲ್ಲ.